ಹೋಟೆಲಿನ ಮೂಲೆ ಅಂದರೆ ಯಾವ ಮೂಲೆ?

ಏಪ್ರಿಲ್ 14, ವಿಷು, ನಮ್ಮ ಕಡೆಯ ಹೊಸವರ್ಷ. ನಮ್ಮ ‘ಮೂಲಮನೆ ಬಳಗ’ ಗುಂಪಿನಲ್ಲಿ ಬೆಳಿಗ್ಗೆ ಆರರಿಂದಲೇ ಕಣಿಯ, ಅಂದರೆ ಎದ್ದ ಕೂಡಲೇ ನೋಡಲು ಜೋಡಿಸಿಟ್ಟ ಮಂಗಳವಸ್ತುಗಳ ಫೋಟೊಗಳು. ಸೌತೆಕಾಯಿ, ತೆಂಗಿನಕಾಯಿ, ಕನ್ನಡಿ, ಕನ್ನಡಿಯೊಳಗೆ ಫೋಟೊ ತೆಗೆಯುವವರ ಮೊಬೈಲು. ಒಂಬತ್ತರ ಹೊತ್ತಿಗೆ ಮಸ್ಕತ್ ಭಾವ ಒಂದು ಫಾರ್ವರ್ಡ್ ಹಾಕಿದರು. ಅಲ್ಲಿಂದ ಮಧ್ಯಾಹ್ನದ ಊಟದವರೆಗೆ ಬೇರೆ ಮಾತಿಲ್ಲ. ನಾನು ಈ ಗುಂಪಿನ ಅಡ್ಮಿನ್. ಯಾರಾದರೂ ರಾಜಕೀಯ ಎತ್ತಿದರೆ ಉಡುಪಿ ಕೃಷ್ಣನ ಫೋಟೊ ಹಾಕಿ ಬಾಯಿ ಮುಚ್ಚಿಸುವುದು ನನ್ನ ಕೆಲಸ. ಈ ಸಲ ಕೃಷ್ಣನೂ ಸಾಲಲಿಲ್ಲ. ಸ್ಟಿಕರ್‌ಗಳನ್ನೂ ಮಧ್ಯೆ ನುಸುಳಿದ ಗೇರುಬೀಜದ ರೇಟನ್ನೂ ತೆಗೆದು ಉಳಿದದ್ದನ್ನು ಇಲ್ಲಿ ಹಾಕಿದ್ದೇನೆ. ಹೆಸರುಗಳ ಬದಲು ನಾನು ಕರೆಯುವ ಸಂಬಂಧವೇ ಇರಲಿ.

ಆ ಫಾರ್ವರ್ಡ್ ಹೀಗಿತ್ತು:

“ಕಣ್ಣೀರು ತರಿಸುವ ಸತ್ಯಕಥೆ!! ಡಾ. ರಾಜ್‌ಕುಮಾರ್ ಅವರಿಗೆ ವರ್ಷಗಟ್ಟಲೆ ಧ್ವನಿ ಕೊಟ್ಟ ಪಿ.ಬಿ. ಶ್ರೀನಿವಾಸ್ ನಿಮಗೆ ಗೊತ್ತೇ? 1974ರಲ್ಲಿ ರಾಜ್ ತಾವೇ ಹಾಡಲು ಶುರು ಮಾಡಿದರು. ಅಂದಿನಿಂದ ಈ ಗಾಯಕನನ್ನು ಒಬ್ಬರೂ ಕರೆಯಲಿಲ್ಲ. ದಿಕ್ಕಿಲ್ಲದೆ ಮದ್ರಾಸಿನ ಹೋಟೆಲೊಂದರ ಮೂಲೆಯಲ್ಲಿ ಕಾಫಿ ಕುಡಿಯುತ್ತಾ ಬಾಳು ಸವೆಸಿದರು. ಇಂದು ಅವರು ತೀರಿಕೊಂಡ ದಿನ. ಕಣ್ಣು ಒದ್ದೆಯಾದರೆ ಹತ್ತು ಜನಕ್ಕೆ ಕಳುಹಿಸಿ.”

ಕೆಳಗೆ ಉರಿಯುವ ಮೇಣದಬತ್ತಿ.

ಚಿಕ್ಕಮ್ಮ: ಅಯ್ಯೋ ಪಾಪ.

ಬೆಂಗಳೂರು ತಂಗಿ: ಛೇ. ಎಷ್ಟು ಬೇಜಾರು.

ರಥಬೀದಿ ದೊಡ್ಡಮ್ಮ: ಪಾಪ. ಯಾರು ಇವರು?

ಕಾರ್ಕಳ ಚಿಕ್ಕಪ್ಪ: ಎಂತ ಇದು? ಅಣ್ಣಾವ್ರು ಯಾರ ಅನ್ನ ಕಿತ್ತುಕೊಂಡರು? ಯಾವನೋ ಮನೆಯಲ್ಲಿ ಕೂತು ಬರೆಯುವುದು, ನೀವು ಅದನ್ನು ಹಬ್ಬದ ದಿನ ತಂದು ಹಾಕುವುದು.

ಮಸ್ಕತ್ ಭಾವ: ಚಿಕ್ಕಪ್ಪ, ನಾನು ಬರೆದದ್ದಲ್ಲ. ಬಂದದ್ದು, ಕಳುಹಿಸಿದೆ ಅಷ್ಟೆ.

ಕಾರ್ಕಳ ಚಿಕ್ಕಪ್ಪ: ಬಂದದ್ದನ್ನೆಲ್ಲ ಕಳುಹಿಸಲು ನೀವು ಪೋಸ್ಟ್‌ಮ್ಯಾನಾ? ನಾನು 34 ವರ್ಷ ಪೋಸ್ಟ್ ಆಫೀಸಿನಲ್ಲಿದ್ದೆ. ನಾವು ಕೂಡ ವಿಳಾಸ ನೋಡಿಯೇ ಹಂಚುತ್ತಿದ್ದದ್ದು.

ಚಿಕ್ಕಪ್ಪನ ಮನೆಯ ಹಾಲಿನಲ್ಲಿ ದೇವರಿಗಿಂತ ದೊಡ್ಡ ಫೋಟೊ ರಾಜ್‌ಕುಮಾರ್ ಅವರದ್ದು. ಹಾಗಾಗಿ ಬಿಡುವುದಿಲ್ಲ ಎಂದು ಗೊತ್ತಿತ್ತು. ಹತ್ತು ನಿಮಿಷ ‘ಟೈಪಿಂಗ್’ ಎಂದು ತೋರಿಸಿ ಆಮೇಲೆ ಇದು ಬಂತು:

ಕಾರ್ಕಳ ಚಿಕ್ಕಪ್ಪ: ಎಲ್ಲರೂ ಓದಿ. 1974ರ ಸಂಪತ್ತಿಗೆ ಸವಾಲ್. ಎಮ್ಮೆ ಮೇಲೆ ಕೂತು ಹಾಡುವ ‘ಯಾರೇ ಕೂಗಾಡಲಿ’ ಅಣ್ಣಾವ್ರದ್ದೇ ದನಿ, ಜಿ.ಕೆ. ವೆಂಕಟೇಶ್ ಸಂಗೀತ. ಸರಿ. ಆದರೆ ಅದೇ ಸಿನಿಮಾದಲ್ಲಿ ‘ರಾಜಾ ಮುದ್ದು ರಾಜಾ’ ಹಾಡಿದ್ದು ಯಾರು? ಪಿಬಿಎಸ್ ಮತ್ತು ಜಾನಕಿ. ಅದೇ ವರ್ಷ ಎರಡು ಕನಸು ಬಂತು. ‘ಎಂದೆಂದೂ ನಿನ್ನನು ಮರೆತು’ ಯಾರು? ಪಿಬಿಎಸ್ ಮತ್ತು ವಾಣಿ ಜಯರಾಂ. ಎಮ್ಮೆ ಹಾಡಿನ ಮರುದಿನವೇ ಅವರನ್ನು ಬಾಗಿಲಿಂದ ಆಚೆ ಹಾಕಿದ ಹಾಗೆ ಬರೆದಿದ್ದಾರೆ, ಸುಳ್ಳು. ಇನ್ನೊಂದು, ಅಣ್ಣಾವ್ರು 1974ರಲ್ಲಿ ಮೊದಲ ಸಲ ಹಾಡಿದ್ದೂ ಅಲ್ಲ. 1959ರಲ್ಲೇ ಮಹಿಷಾಸುರ ಮರ್ದಿನಿಯಲ್ಲಿ ಜಾನಕಿ ಜತೆ ಹಾಡಿದ್ದಾರೆ. ಗುಬ್ಬಿ ಕಂಪನಿಯಲ್ಲಿ ಬೆಳೆದವರು. ಅಲ್ಲಿ ಹಾಡು ಬಾರದವನಿಗೆ ಬಣ್ಣ ಹಚ್ಚುತ್ತಿದ್ದರಾ?

ಮಣಿಪಾಲ ಅಕ್ಕ: ಚಿಕ್ಕಪ್ಪ, ಅದೆಲ್ಲ ಸರಿ. ಆದರೆ ಆಮೇಲೆ ಮೆಲ್ಲಮೆಲ್ಲನೆ ರಾಜ್ ಹಾಡೆಲ್ಲ ರಾಜ್ ಅವರೇ ಹಾಡಿದ್ದು ಹೌದಲ್ವಾ? ಅಷ್ಟು ದೊಡ್ಡ ನಟನ ದನಿಯಾಗಿದ್ದವರಿಗೆ ಕೆಲಸ ಕಡಿಮೆಯಾಗದೆ ಇರುತ್ತದಾ?

ಕಾರ್ಕಳ ಚಿಕ್ಕಪ್ಪ: ಕಡಿಮೆಯಾಯಿತು. ಒಪ್ಪಿದೆ. ಒಬ್ಬರೂ ಕರೆಯಲಿಲ್ಲ ಎಂಬುದಕ್ಕೂ ಕಡಿಮೆಯಾಯಿತು ಎಂಬುದಕ್ಕೂ ವ್ಯತ್ಯಾಸ ಇಲ್ವಾ? 1977ರಲ್ಲಿ ‘ರವಿವರ್ಮನ ಕುಂಚದ ಕಲೆ’ ಹಾಡಿದ್ದು ಅವರೇ. ಅದು ವಿಷ್ಣುವರ್ಧನ್‌ಗೆ. ನಾಗರಹಾವಿನ ‘ಬಾರೆ ಬಾರೆ’ ಕೂಡ ಅವರದ್ದೇ. ರಾಜ್ ಬಿಟ್ಟರೆ ಅವರು ಯಾರಿಗೂ ಹಾಡಲೇ ಇಲ್ಲ ಅಂತ ನಮ್ಮವರಿಗೆ ಒಂದು ಭ್ರಮೆ. ತಮಿಳಿನಲ್ಲಿ ಜೆಮಿನಿ ಗಣೇಶನ್‌ಗೆ ಹಾಡಿದ್ದನ್ನು ಕೇಳಿದರೆ ತಮಿಳರು ಅವರನ್ನು ನಮಗೆ ಬಿಟ್ಟುಕೊಡುವುದೇ ಇಲ್ಲ.

ನಿಜ ಹೇಳಬೇಕೆಂದರೆ ಇಲ್ಲಿಗೆ ನಿಲ್ಲಬಹುದಿತ್ತು. ಆದರೆ ದೊಡ್ಡಮ್ಮ ಅಡುಗೆಮನೆಯಿಂದ ಹೊರಗೆ ಬಂದರು.

ರಥಬೀದಿ ದೊಡ್ಡಮ್ಮ: ಈಗ ಗೊತ್ತಾಯಿತು ಯಾರೆಂದು. ಟೋಪಿ ಹಾಕಿಕೊಂಡು ಟಿವಿಯಲ್ಲಿ ಬರುತ್ತಿದ್ದರು. ಆದರೆ ಭಕ್ತ ಕನಕದಾಸದಲ್ಲಿ ‘ಬಾಗಿಲನು ತೆರೆದು’ ರಾಜ್‌ಕುಮಾರ್ ಅವರೇ ಹಾಡಿದ್ದು. ಅದರಲ್ಲಿ ಎರಡು ಮಾತಿಲ್ಲ.

ಕಾರ್ಕಳ ಚಿಕ್ಕಪ್ಪ: ಅಲ್ಲ ಅತ್ತಿಗೆ. ಅದು ಪಿಬಿಎಸ್.

ರಥಬೀದಿ ದೊಡ್ಡಮ್ಮ: ನಾನು ಹತ್ತು ವರ್ಷದವಳು ಟಾಕೀಸಿನಲ್ಲಿ ಮುಂದಿನ ಬೆಂಚಿನಲ್ಲಿ ಕೂತು ನೋಡಿದ್ದೇನೆ. ಗಂಟಲು ಅಲ್ಲಾಡಿದ್ದು ಕಾಣುತ್ತಿತ್ತು.

ಕಾರ್ಕಳ ಚಿಕ್ಕಪ್ಪ: ಗಂಟಲು ಅಣ್ಣಾವ್ರದ್ದೇ. ದನಿ ಅವರದ್ದಲ್ಲ. 1960ರ ಸಿನಿಮಾ, ಎಂ. ವೆಂಕಟರಾಜು ಸಂಗೀತ. ‘ಕುಲಕುಲಕುಲವೆಂದು’, ‘ಈತನೀಗ ವಾಸುದೇವನು’, ಎಲ್ಲ ಪಿಬಿಎಸ್. ಶರೀರ ರಾಜ್, ಶಾರೀರ ಪಿಬಿಎಸ್ ಅಂತ ಗಾದೆಯೇ ಉಂಟಲ್ವಾ. ನಾನು ಅಣ್ಣಾವ್ರ ಭಕ್ತ, ಆದರೂ ಹೇಳುತ್ತೇನೆ, ಆ ಹಾಡು ಅವರ ಲೆಕ್ಕಕ್ಕೆ ಬರೆಯಬೇಡಿ.

ಐದು ನಿಮಿಷ ದೊಡ್ಡಮ್ಮನ ಸುದ್ದಿಯಿಲ್ಲ. ಅವರ ಮನೆಯಿಂದ ಕನಕನ ಕಿಂಡಿಗೆ ನಡೆದರೆ ಎರಡು ನಿಮಿಷ ಸಾಕು. ದಿನಾ ಸಂಜೆ ಹೋಗುತ್ತಾರೆ. ಭಜನೆ ಮಂಡಳಿಯಲ್ಲಿ ಆ ಕೀರ್ತನೆ ಎತ್ತಿಕೊಡುವವರೂ ಅವರೇ, ಸಿನಿಮಾದ ಧಾಟಿಯಲ್ಲೇ. ಕನಕದಾಸರು ಬರೆದದ್ದು ಐನೂರು ವರ್ಷದ ಹಿಂದೆ. ನಮ್ಮ ಬಾಯಲ್ಲಿ ಕೂತಿರುವ ಧಾಟಿ ಮಾತ್ರ 1960ರದ್ದು.

ರಥಬೀದಿ ದೊಡ್ಡಮ್ಮ: ಹಾಗಾದರೆ ಇಷ್ಟು ವರ್ಷ ಕಿಂಡಿ ಎದುರು ನಿಂತಾಗ ನನ್ನ ಕಿವಿಯಲ್ಲಿ ಕೇಳುತ್ತಿದ್ದದ್ದು ಇವರ ದನಿಯಾ?

ಕಾರ್ಕಳ ಚಿಕ್ಕಪ್ಪ: ಹೌದು ಅತ್ತಿಗೆ. ಕಾಕಿನಾಡದವರು. ಮನೆಮಾತು ತೆಲುಗು.

ರಥಬೀದಿ ದೊಡ್ಡಮ್ಮ: ತೆಲುಗಿನವರಾ! ‘ಹರಿಯೇ’ ಅನ್ನುವಾಗ ಒಂದಿಷ್ಟೂ ಹಾಗೆ ಅನ್ನಿಸುವುದಿಲ್ಲವಲ್ಲ.

ಮಸ್ಕತ್ ಭಾವ: ಪಿ.ಬಿ. ಅಂದರೆ ಪ್ರತಿವಾದಿ ಭಯಂಕರ ಅಂತೆ. ಈ ಗುಂಪಿಗೂ ಅದೇ ಹೆಸರಿಡಬಹುದು.

ರಥಬೀದಿ ದೊಡ್ಡಮ್ಮ: ತಮಾಷೆ ಬೇಡ. ತಿರುಪತಿ ಸುಪ್ರಭಾತ ಬರೆದವರು ಪ್ರತಿವಾದಿ ಭಯಂಕರ ಅಣ್ಣನ್. ಅದು ದೊಡ್ಡ ಬಿರುದು. ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ಹಾಕುತ್ತೀರಲ್ಲ, ಬರೆದವರ ಹೆಸರು ಗೊತ್ತಿರಲಿ.

ಇಷ್ಟರವರೆಗೆ ಬೈಲೂರಿನ ಮದ್ರಾಸ್ ಮಾವ ಒಂದಕ್ಷರ ಮಾತಾಡಿರಲಿಲ್ಲ. ಅದೇ ನನಗೆ ಹೆದರಿಕೆ. ಮಾವ 1981ರಿಂದ 2008ರವರೆಗೆ ಕೆಲಸ ಮಾಡಿದ್ದು ಕೆಥೆಡ್ರಲ್ ರೋಡಿನ ವುಡ್‌ಲ್ಯಾಂಡ್ಸ್ ಡ್ರೈವ್‌ ಇನ್ ಹೋಟೆಲಿನಲ್ಲಿ. ಪಿಬಿಎಸ್ ಗಂಟೆಗಟ್ಟಲೆ ಕೂರುತ್ತಿದ್ದ ‘ಮದ್ರಾಸಿನ ಹೋಟೆಲು’ ಅದೇ. ಮಾವ ಟೈಪ್ ಮಾಡುವುದಿಲ್ಲ, ವಾಯ್ಸ್ ಮೆಸೇಜ್ ಮಾತ್ರ. ಕೇಳಿ ಬರೆದುಕೊಂಡಿದ್ದೇನೆ.

ಮದ್ರಾಸ್ ಮಾವ (ವಾಯ್ಸ್): ಹೋಟೆಲಿನ ಮೂಲೆ ಅಂದರೆ ಯಾವ ಮೂಲೆ? ಆ ಹೋಟೆಲಿಗೆ ಮೂಲೆಯೇ ಇರಲಿಲ್ಲ ಮಾರಾಯ್ರೆ. ತೋಟದ ಮಧ್ಯ ಹೋಟೆಲು. ಸುತ್ತ ಮರ. ಕಾರು ಮರದ ಕೆಳಗೆ ನಿಲ್ಲಿಸಿದರೆ ಕಾರಿನ ಬಾಗಿಲಿಗೆ ಟ್ರೇ ಸಿಕ್ಕಿಸಿ ಅಲ್ಲೇ ತಿಂಡಿ ಕೊಡುತ್ತಿದ್ದದ್ದು. ನಮ್ಮ ಕಡಂದಲೆ ಕೃಷ್ಣರಾಯರು 1962ರಲ್ಲಿ ಮಾಡಿದ್ದು. ಪತ್ರಿಕೆಯವರು, ಸಿನಿಮಾದವರು, ವಕೀಲರು, ಕಾಲೇಜು ಮಕ್ಕಳು ಎಲ್ಲರೂ ಬಂದು ಕೂರುವ ಜಾಗ. ಅಲ್ಲಿ ಕಾಫಿ ಕುಡಿಯುವವ ದಿಕ್ಕಿಲ್ಲದವ ಅಂತಾದರೆ ಅರ್ಧ ಮದ್ರಾಸಿಗೆ ದಿಕ್ಕಿರಲಿಲ್ಲ.

ಮದ್ರಾಸ್ ಮಾವ (ವಾಯ್ಸ್): ಇನ್ನೊಂದು. ಉಡುಪಿಯವರ ಹೋಟೆಲಿನಲ್ಲಿ ಒಬ್ಬ ಮನುಷ್ಯ ಒಂದು ಕಾಫಿ ತೆಗೆದುಕೊಂಡು ನಾಲ್ಕು ಗಂಟೆ ಕೂತರೆ, ಏಳಿ ಅನ್ನದೆ ಬಿಟ್ಟಿದ್ದಾರೆ ಅಂದರೆ, ಅದು ಆ ಮನುಷ್ಯನಿಗೆ ಕೊಟ್ಟ ಗೌರವ. ಗಲ್ಲೆಯಲ್ಲಿ ಕೂತವನಿಗೇ ಗೊತ್ತು ಖಾಲಿ ಟೇಬಲಿನ ಬೆಲೆ.

ಈ ಎರಡನೆಯ ಮಾತು ನನಗೆ ಬಹಳ ಹಿಡಿಸಿತು. ಹೋಟೆಲು ನಡೆಸಿದ ಮನೆತನಗಳಲ್ಲಿ ಹುಟ್ಟಿದ ನಾವೇ ಹೋಟೆಲಿನಲ್ಲಿ ಕೂತವರನ್ನು ಕಂಡು ಅಯ್ಯೋ ಪಾಪ ಎಂದೆವಲ್ಲ. ಮೂರು ಜನ ಹಾಗೆಂದಿದ್ದರು, ಮೇಲೆ ಹೋಗಿ ನೋಡಿ.

ಚೆನ್ನೈ ಮಾಣಿ: ಸುಮ್ನೆ ಕೂರುತ್ತಿರಲಿಲ್ಲ, ಬರೆಯುತ್ತಿದ್ದರು ಅಂತ ಓದಿದ್ದೇನೆ. ಎಂಟು ಭಾಷೆಯಲ್ಲಿ ಕವಿತೆ. ಮನುಷ್ಯ ಚಂದ್ರನ ಮೇಲೆ ಇಳಿದಾಗ ಇಂಗ್ಲಿಷಿನಲ್ಲಿ ಹಾಡು ಕಟ್ಟಿ, ಜಾನಕಿ ಜತೆ ಹಾಡಿ ರೆಕಾರ್ಡ್ ಮಾಡಿ, ಆರ್ಮ್‌ಸ್ಟ್ರಾಂಗ್‌ಗೂ ಅಧ್ಯಕ್ಷ ನಿಕ್ಸನ್‌ಗೂ ಕಳುಹಿಸಿದ್ದರು. ಕಾಫಿ ಕುಡಿಯುತ್ತಾ ಬಾಳು ಸವೆಸುವ ಜನದ ಲಕ್ಷಣ ಅಲ್ಲ ಇದು.

ಮದ್ರಾಸ್ ಮಾವ (ವಾಯ್ಸ್): ಜೇಬಿನ ತುಂಬ ಪೆನ್ನು. ಒಂದೆರಡಲ್ಲ. ಬೇರೆ ಬೇರೆ ಬಣ್ಣದ್ದು.

ಮಣಿಪಾಲ ಅಕ್ಕ: ಮಾವ, ಗೌರವದ ಮಾತು ಆಯಿತು. ಈಗ ಹಣದ ಮಾತು ಆಡುವ. ನಾನು ವಕೀಲೆ, ನನಗೆ ಅದೇ ಬರುವುದು. ಆಗೆಲ್ಲ ಹಾಡುಗಾರರಿಗೆ ಹಾಡಿದ ದಿನ ಒಂದು ಸಲ ದುಡ್ಡು. ಆಮೇಲೆ ಆ ಹಾಡು ರೇಡಿಯೊದಲ್ಲಿ ಸಾವಿರ ಸಲ ಬರಲಿ, ಕ್ಯಾಸೆಟ್ ಮಾರಾಟವಾಗಲಿ, ಕಾಲರ್ ಟ್ಯೂನ್ ಆಗಲಿ, ಒಂದು ಪೈಸೆ ಇಲ್ಲ. 1994ರಲ್ಲಿ ಕಾನೂನಿನಲ್ಲಿ ಹಾಡುಗಾರರ ಹಕ್ಕು ಅಂತ ಬಂತು, ಆದರೆ ಸಿನಿಮಾಕ್ಕೆ ಹಾಡಲು ಒಪ್ಪಿದರೆ ಆ ಹಕ್ಕು ಅಲ್ಲಿಗೇ ಮುಗಿಯಿತು. ಅದು ಸರಿಯಾದದ್ದು 2012ರ ತಿದ್ದುಪಡಿಯಲ್ಲಿ. ಹಾಡುಗಾರರ ಪರವಾಗಿ ರಾಯಲ್ಟಿ ವಸೂಲಿ ಮಾಡುವ ಸಂಸ್ಥೆ ಇಸ್ರಾ ನೋಂದಣಿಯಾದದ್ದು 2013ರ ಜೂನ್‌ನಲ್ಲಿ. ಪಿಬಿಎಸ್ ತೀರಿಕೊಂಡದ್ದು 2013ರ ಏಪ್ರಿಲ್ 14. ಎರಡು ತಿಂಗಳು.

ಮಸ್ಕತ್ ಭಾವ: ನೋಡಿ! ಅಂದರೆ ನನ್ನ ಮೆಸೇಜ್ ಸರಿಯಾಯಿತಲ್ಲ.

ಮಣಿಪಾಲ ಅಕ್ಕ: ಇಲ್ಲ ಭಾವ. ನಿಮ್ಮ ಮೆಸೇಜಿನಲ್ಲಿ ತಪ್ಪು ಮಾಡಿದವರು ರಾಜ್‌ಕುಮಾರ್. ಒಬ್ಬರ ಮೇಲೆ ಹಾಕಿದರೆ ಕಥೆ ಚೆನ್ನಾಗಿರುತ್ತದೆ. ಕಾನೂನಿನ ಮೇಲೆ, ಕಂಪನಿಗಳ ಮೇಲೆ ಹಾಕಿದರೆ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಕಾರ್ಕಳ ಚಿಕ್ಕಪ್ಪ: ಹಾಗೆ ಹೇಳು ಮಗಳೇ.

ಮಣಿಪಾಲ ಅಕ್ಕ: ಚಿಕ್ಕಪ್ಪ ನಿಮಗೂ ಸೇರಿ ಹೇಳುವುದು. ಅಣ್ಣಾವ್ರ ತಪ್ಪಲ್ಲ ಅಂತ ಸಾಧಿಸಿದ ಕೂಡಲೇ ಆ ಕಡೆಯ ನಷ್ಟ ಸೊನ್ನೆ ಆಗುವುದಿಲ್ಲ. ನಿಮ್ಮ ಮೊಬೈಲಿಗೆ ಫೋನ್ ಮಾಡಿದರೆ ‘ಆಡಿಸಿ ನೋಡು’ ಕೇಳುತ್ತದೆ. ತಿಂಗಳಿಗೆ ಕಂಪನಿಗೆ ಹಣ ಕಟ್ಟುತ್ತೀರಿ. ಹಾಡಿದವರಿಗೆ ಎಷ್ಟು ಹೋಯಿತು ಅಂತ ಒಂದು ದಿನ ಕೇಳಿದ್ದೀರಾ?

ಚಿಕ್ಕಪ್ಪ ನೀಲಿ ಟಿಕ್ ಬಂದರೂ ಉತ್ತರ ಕೊಡಲಿಲ್ಲ. ಪೋಸ್ಟ್ ಆಫೀಸಿನ ಭಾಷೆಯಲ್ಲಿ, ತಲುಪಿದೆ, ಸಹಿ ಆಗಿಲ್ಲ.

ಅಕ್ಕನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಆದರೂ ಅದನ್ನು ಫಾರ್ವರ್ಡಿನ ಪಕ್ಕ ಇಟ್ಟರೆ ಒಂದು ಕಿರಿಕಿರಿ. ಹಾಡುಗಾರರಿಗೆ ಸಲ್ಲಬೇಕಾದ ಹಣ ಸಲ್ಲಲಿಲ್ಲ ಅನ್ನುವುದು ಲೆಕ್ಕ. ಈ ಮನುಷ್ಯ ದುಃಖದಲ್ಲಿ ಕೂತಿದ್ದರು ಅನ್ನುವುದು ನಾವು ಕೂತಲ್ಲೇ ಬರೆದ ಕಥೆ. ಅದನ್ನೇ ಟೈಪ್ ಮಾಡುತ್ತಿದ್ದೆ. ಅಷ್ಟರಲ್ಲಿ ಮಸ್ಕತ್ ಭಾವ ಮಾವನ ಕಡೆಗೆ ತಿರುಗಿದರು.

ಮಸ್ಕತ್ ಭಾವ: ಮಾವ, ನೀವು ಅವರ ದೋಸ್ತಿ ಅಲ್ವಾ? ನಮ್ಮ ಮದುವೆಯಲ್ಲಿ ಎಲ್ಲರ ಎದುರು ಹೇಳಿದ್ದಿರಿ, ಪಿಬಿಎಸ್ ಮತ್ತು ನೀವು ಒಂದೇ ಟೇಬಲಿನಲ್ಲಿ ಮಾತಾಡುತ್ತಾ ಕೂರುತ್ತಿದ್ದಿರಿ ಅಂತ. ಹಾಗಾದರೆ ನೀವೇ ಹೇಳಿ. ಅವರು ಖುಷಿಯಲ್ಲಿದ್ದರಾ, ಬೇಜಾರಿನಲ್ಲಿದ್ದರಾ? ನಿಮ್ಮ ಹತ್ತಿರ ಎಂತ ಹೇಳಿದ್ದರು?

ಇದು ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿತು. ಮಾವನ ಕಡೆಯಿಂದ ‘ರೆಕಾರ್ಡಿಂಗ್’ ಎಂದು ತೋರಿಸುತ್ತದೆ, ನಿಲ್ಲುತ್ತದೆ, ಮತ್ತೆ ತೋರಿಸುತ್ತದೆ. ಈ ನಡುವೆ ಚಿಕ್ಕಮ್ಮ ತೊಂಡೆಕಾಯಿ ಗೇರುಬೀಜದ ಪಲ್ಯದ ಫೋಟೊ ಹಾಕಿದರು. ಯಾರೂ ಲೈಕ್ ಕೊಡಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ಮಾವನ ದನಿ ಬಂತು. ಹಿಂದೆ ಕುಕ್ಕರ್ ಸೀಟಿ ಹೊಡೆಯುತ್ತಿತ್ತು.

ಮದ್ರಾಸ್ ಮಾವ (ವಾಯ್ಸ್): ದೋಸ್ತಿ ಅಂತ ನಾನು ಹೇಳಿದ್ದು ಹೌದು. ಮದುವೆಮನೆಯಲ್ಲಿ ನಾಲ್ಕು ಜನ ಸೇರಿದಾಗ ಬಾಯಿಗೆ ಬಂತು. ಆಮೇಲೆ ನೀವೇ ಎಲ್ಲರಿಗೂ ಹೇಳುತ್ತಾ ಬಂದಿರಿ, ಇಲ್ಲ ಅನ್ನಲು ನನಗೆ ಆಗಲಿಲ್ಲ. ನಿಜ ಎಂತ ಅಂದರೆ ನಾನು ಒಳಗೆ ದೋಸೆಕಲ್ಲಿನ ಹತ್ತಿರ ಇದ್ದವ. ಸಪ್ಲಾಯರ್ ಕಡಿಮೆ ಇದ್ದ ದಿನ ಹೊರಗೆ ಬರುವುದು. ಅವರಿಗೆ ಕಾಫಿ ಕೊಟ್ಟದ್ದು ಮೂರೋ ನಾಲ್ಕೋ ಸಲ. ಮಾತಾಡಿದ್ದು ಇಲ್ಲ. ಯಾರು ಅಂತ ಗೊತ್ತಾದದ್ದೇ ಸುಮಾರು ಸಮಯ ಕಳೆದು. ಬೇರೆ ಹುಡುಗರು ಹೇಳಿದ ಮೇಲೆ. ಅದರ ನಂತರ ನನಗೆ ಮಾತಾಡಲು ನಾಚಿಕೆ. ಏನಂತ ಮಾತಾಡುವುದು? ನಮ್ಮ ಅಕ್ಕ ನಿಮ್ಮ ಹಾಡು ಹೇಳುತ್ತಾಳೆ ಅನ್ನುವುದಾ?

ಮದ್ರಾಸ್ ಮಾವ (ವಾಯ್ಸ್): ನೋಡಿದ್ದು ಮಾತ್ರ ನೋಡಿದ್ದೇನೆ. ಕಾಗದ ಇಟ್ಟುಕೊಂಡು ಬರೆಯುತ್ತಿದ್ದರು. ಅಷ್ಟೆ. ಬಗ್ಗಿ ಬರೆಯುವ ಮನುಷ್ಯನಿಗೆ ಒಳಗೆ ಸುಖವೋ ದುಃಖವೋ ಅಂತ ದೋಸೆಕಲ್ಲಿನಿಂದ ಹೇಗೆ ಗೊತ್ತಾಗುತ್ತದೆ? ಇಪ್ಪತ್ತೇಳು ವರ್ಷ ಅಲ್ಲೇ ಇದ್ದ ನನಗೆ ಗೊತ್ತಾಗಲಿಲ್ಲ. ಇದನ್ನು ಬರೆದವನಿಗೆ ಹೇಗೆ ಗೊತ್ತಾಯಿತು?

ಗುಂಪಿನಲ್ಲಿ 43 ಜನ. ಒಬ್ಬರೂ ಏನೂ ಬರೆಯಲಿಲ್ಲ. ದೊಡ್ಡಮ್ಮ ಮಾತ್ರ ತಮ್ಮನಿಗೆ, ಅಂದರೆ ಮದ್ರಾಸ್ ಮಾವನಿಗೆ, ಬರೆದರು:

ರಥಬೀದಿ ದೊಡ್ಡಮ್ಮ: ಹೇಳಬಹುದಿತ್ತು ಮಾಣಿ. ಅಷ್ಟೇ ಹೇಳಿದ್ದರೂ ಸಾಕಿತ್ತು.

ಮಸ್ಕತ್ ಭಾವ: ಸಾರಿ ಮಾವ. ಡಿಲೀಟ್ ಮಾಡುತ್ತೇನೆ.

ಮಣಿಪಾಲ ಅಕ್ಕ: ಬೇರೆ ಎಷ್ಟು ಗುಂಪಿಗೆ ಹಾಕಿದ್ದೀರಿ ಭಾವ?

ಮಸ್ಕತ್ ಭಾವ: ಏಳು.

ಡಿಲೀಟ್ ಮಾಡಿದರು, ನಮ್ಮ ಗುಂಪಿನದ್ದು. ಉಳಿದ ಏಳರದ್ದು ನನಗೆ ಗೊತ್ತಿಲ್ಲ. ಕಾರ್ಕಳ ಚಿಕ್ಕಪ್ಪ ಸ್ವಲ್ಪ ವಾತಾವರಣ ತಿಳಿ ಮಾಡಲು ನೋಡಿದರು.

ಕಾರ್ಕಳ ಚಿಕ್ಕಪ್ಪ: ಒಂದು ತಮಾಷೆ ಕೇಳಿ ಭಾವ. ಅವರು ಚಿಕ್ಕವರಿದ್ದಾಗ ಜೋಯಿಸರು ಜಾತಕ ನೋಡಿ ಇವನಿಗೆ ಸಂಗೀತದಲ್ಲಿ ಮೇಲೆ ಬರುವ ಯೋಗ ಇಲ್ಲ ಅಂದಿದ್ದರಂತೆ. ಹಾಗಿದ್ದೂ ಮದ್ರಾಸಿನ ಜೆಮಿನಿ ಸ್ಟುಡಿಯೊ ಹತ್ತಿದರು, 1952ರ ಹಿಂದಿ ಸಿನಿಮಾದಲ್ಲಿ ಹಾಡಿದರು. ಮರುವರ್ಷ ಕನ್ನಡಕ್ಕೆ ಬಂದರು. ಆ ಮೊದಲ ಕನ್ನಡ ಸಿನಿಮಾದ ಹೆಸರು ಎಂತ ಗೊತ್ತುಂಟಾ? ಜಾತಕ ಫಲ!

ಮದ್ರಾಸ್ ಮಾವ (ವಾಯ್ಸ್): ಜೆಮಿನಿ ನಮ್ಮ ಹೋಟೆಲಿನ ಪಕ್ಕದಲ್ಲೇ ಇದ್ದದ್ದು ಭಾವ. ಫ್ಲೈಓವರಿಗೆ ಈಗಲೂ ಅದೇ ಹೆಸರು.

ಚೆನ್ನೈ ಮಾಣಿ: ಮಾವ, ನಾನು ಈಗ ಅಲ್ಲೇ ಹತ್ತಿರ ಇದ್ದೇನೆ. ಇವತ್ತು ಇಲ್ಲಿಯೂ ಹೊಸವರ್ಷ, ರಜೆ. ನಿಮ್ಮ ಹೋಟೆಲು ಇದ್ದ ಜಾಗ ಈಗ ಸೆಮ್ಮೊಳಿ ಪೂಂಗಾ, ಅಲ್ವಾ?

ಮದ್ರಾಸ್ ಮಾವ (ವಾಯ್ಸ್): ಹೌದು. ಸರಕಾರ ಜಾಗ ವಾಪಸು ತೆಗೆದುಕೊಂಡು ಪಾರ್ಕ್ ಮಾಡಿತು. 2010ರಲ್ಲಿ ತೆರೆದರಂತೆ. ನಾನು ಆಮೇಲೆ ಆ ಕಡೆ ಹೋಗಲಿಲ್ಲ.

ಅರ್ಧ ಗಂಟೆ ಕಳೆದು ಮಾಣಿ ಟಿಕೆಟ್ ತೆಗೆದು ಒಳಗೆ ಹೋಗಿ ಫೋಟೊಗಳನ್ನು ಕಳುಹಿಸತೊಡಗಿದ. ಹೂವಿನ ಮಡಿ, ಕಾಲುದಾರಿ, ಸೆಲ್ಫಿ ತೆಗೆಯುವ ಜೋಡಿಗಳು, ಒಂದು ದೊಡ್ಡ ಮರ.

ಚೆನ್ನೈ ಮಾಣಿ: ಮಾವ, ಹೋಟೆಲು ಎಲ್ಲಿತ್ತು? ಗುರುತೇ ಸಿಗುವುದಿಲ್ಲ. ಈ ಮರದ ಹತ್ತಿರವಾ?

ಮದ್ರಾಸ್ ಮಾವ (ವಾಯ್ಸ್): ಮೊಬೈಲು ಸ್ವಲ್ಪ ಎಡಕ್ಕೆ ತಿರುಗಿಸು. ಹಾಂ. ಇನ್ನೂ ಸ್ವಲ್ಪ. ಆ ಮರ ಅಲ್ಲ. ಅದರ ಹಿಂದಿನದ್ದು.